ಹೊಳೆ ಬರುವ ಮುಂಚಿನ ಸಿದ್ಧತೆ

ವಿಪತ್ತಿಗೆ ಸಿದ್ಧನಾಗುವುದರಲ್ಲಿ ಒಂದು ಸುಖವಿದೆ. ವಿಪತ್ತು ಬಂದ ಮೇಲೆ ಅದು ಇರುವುದಿಲ್ಲ. ನಾನು ಆಳಂದ ಕಡೆಯ ಒಣನೆಲದವನು. ನೀರೆಂದರೆ ನಲ್ಲಿಯ ಮುಂದೆ ಸಾಲಿನಲ್ಲಿ ನಿಂತು ಪಡೆಯುವ ವಸ್ತು ಎಂದೇ ತಿಳಿದಿದ್ದವನು. ಅಂಥವನಿಗೆ ಅಫಜಲಪುರ ತಾಲ್ಲೂಕಿನ, ಭೀಮಾ ದಂಡೆಯ ಒಂದು ಊರಿನ ಶಾಲೆಗೆ ವರ್ಗವಾಯಿತು. ಹೆಂಡತಿ ಸರೋಜಾ, ಅವ್ವ ಮತ್ತು ನಾನು ಹೊಳೆಗೆ ಹತ್ತಿರದ ಓಣಿಯಲ್ಲೇ ಬಾಡಿಗೆ ಮನೆ ಹಿಡಿದೆವು.

ಕಳೆದ ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆ ಮಳೆ ಜೋರಾಗಿ, ಮೇಲಿನ ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಕರೆದಾಗ ಹೊರಡಲು ತಯಾರಿರಿ ಎಂದು ಆಟೋಗೆ ಮೈಕು ಕಟ್ಟಿ ಸಾರಿದರು. ಭೂಗೋಳ ಕಲಿಸುವ ನಾನು ಅದನ್ನು ನನಗೇ ಬರೆದ ಪತ್ರದಂತೆ ಸ್ವೀಕರಿಸಿದೆ. ಆಧಾರ್, ರೇಷನ್ ಕಾರ್ಡು, ನನ್ನ ಪದವಿ ಪ್ರಮಾಣಪತ್ರ, ಬ್ಯಾಟರಿ, ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲ ಕಟ್ಟಿದೆ. ಸರೋಜಾ ಎರಡು ದಿನ ಕಡಕ್ ರೊಟ್ಟಿ ಬಡಿದಳು. ಸೀಟಿ ಊದಿದ ಐದು ನಿಮಿಷಕ್ಕೆ ಎಲ್ಲರೂ ಬಾಗಿಲಲ್ಲಿ ಇರಬೇಕೆಂದು ತಾಲೀಮನ್ನೂ ಮಾಡಿಸಿದೆ. ಅವ್ವ ನಿಧಾನವಾಗಿ ಬಂದು, "ಹೊಳಿನೂ ಸೀಟಿ ಊದೇ ಬರ್ತದೇನಪಾ?" ಎಂದಳು. ಅಷ್ಟಕ್ಕೆ ನಿಲ್ಲದೆ, ನೋಟ್‌ಬುಕ್ ಹಿಡಿದು ಓಣಿಯ ಮನೆಮನೆಗೆ ಹೋಗಿ ಅವರವರ ಚೀಲ ಪರೀಕ್ಷಿಸಿದೆ.

ಮೂರನೆಯ ದಿನ ಮಧ್ಯಾಹ್ನ ನೀರು ಓಣಿಗೆ ಬಂತು. ಟ್ರ್ಯಾಕ್ಟರೂ ಬಂತು. ಸರೋಜಾ ಹತ್ತಿದಳು. ಅವ್ವ ಇರಲಿಲ್ಲ. ಒಳಗೆ ಹುಡುಕಿದೆ, ಹಿತ್ತಲಲ್ಲಿ ಕೂಗಿದೆ, ಸೀಟಿ ಊದಿದೆ. ಡ್ರೈವರ್ ತಾಳ್ಮೆಯಿಂದಲೇ, "ಮಾಸ್ತರ್ರ, ಗಾಲಿ ಮುಳುಗಾಕತ್ತಾವ, ಲಗೂ ಬರ್ರಿ" ಎಂದ. ಚೀಲ ಹೆಗಲಿಗೇರಿಸಿ ಓಣಿಗೆ ಓಡಿದೆ. ನೋಡಿದರೆ ಓಣಿಯ ಕೊನೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ಅವ್ವ ಒಂದು ಮನೆಯ ಬಾಗಿಲು ಹಿಡಿದು ನಿಂತಿದ್ದಳು.

ಅದು ಗಂಗವ್ವನ ಮನೆ. ಸೊಂಟ ಮುರಿದು ಹಾಸಿಗೆ ಹಿಡಿದ ಮುದುಕಿ. ಅವ್ವ ದಿನಾ ಹೋಗಿ ಆಕೆಯ ಕಾಲಿಗೆ ಎಣ್ಣೆ ತಿಕ್ಕಿ ಬರುತ್ತಿದ್ದಳು. ಗಂಗವ್ವನ ಮಗಳು ಔಷಧಿ ತರಲು ಬೆಳಿಗ್ಗೆಯೇ ಕಲಬುರಗಿಗೆ ಹೋದವಳು ದಾರಿ ಕಟ್ಟಿ ಅಲ್ಲೇ ಉಳಿದಿದ್ದಳು. ಆ ಮನೆಯನ್ನೂ ನಾನು ಪರೀಕ್ಷಿಸಿದ್ದೆ. ಎರಡು ಸಲ ಬಾಗಿಲು ಬಡಿದು, ಯಾರೂ ಬಾರದಿದ್ದಾಗ ನೋಟ್‌ಬುಕ್ಕಿನಲ್ಲಿ 'ಮನೆಯಲ್ಲಿ ಯಾರೂ ಇಲ್ಲ' ಎಂದು ಬರೆದುಕೊಂಡಿದ್ದೆ.

"ಚೀಲ ಇಳಸು. ಆಕಿನ್ನ ಎತ್ಕೋ" ಎಂದಳು ಅವ್ವ.

ಚೀಲವನ್ನು ಕಟ್ಟೆಯ ಮೇಲಿಟ್ಟು ಗಂಗವ್ವನನ್ನು ಎತ್ತಿಕೊಂಡೆ. ಚೀಲಕ್ಕಿಂತ ಆಕೆಯೇ ಹಗುರಾಗಿದ್ದಳು. ನೀರು ದಾಟುವಾಗ ಕಿವಿಯ ಹತ್ತಿರ ಮೆಲ್ಲಗೆ, "ಮೊನ್ನಿ ಬಾಗ್ಲಾ ಬಡದವ್ರು ನೀವೇನ್ರಿ ಮಾಸ್ತರ್ರ? ನಾ ಒಳಗಿಂದ 'ಓ' ಅಂದಿದ್ದೆ" ಎಂದಳು. ನಾನು ಕೆಳಗೆ ನೋಡಿ ಹೆಜ್ಜೆ ಹಾಕಿದೆ.

ಚೀಲ ಹೊಳೆಯ ಪಾಲಾಯಿತು. ದಿಬ್ಬದ ಮೇಲಿನ ನಮ್ಮ ಶಾಲೆಯಲ್ಲೇ ನಾಲ್ಕು ದಿನ ಇದ್ದೆವು. ಹೆಸರು ಬರೆಯಲು ಬಂದ ಅಧಿಕಾರಿ ಆಧಾರ್ ಕೇಳಿದಾಗ ಓಣಿಯವರೆಲ್ಲ ನಾನು ಕಲಿಸಿದಂತೆಯೇ ಪ್ಲಾಸ್ಟಿಕ್ಕಿನಿಂದ ತೆಗೆದು ತೋರಿಸಿದರು. ನನ್ನ ಬಳಿ ತೋರಿಸಲು ಏನೂ ಇರಲಿಲ್ಲ. ಅವ್ವ, "ಬರ್ಕೋರಿ ಸಾಹೇಬ್ರ, ನನ್ನ ಮಗ ಅದಾನ" ಎಂದಳು. ಬರೆದುಕೊಂಡರು.

ಮೊನ್ನೆ ಜೇವರ್ಗಿಯಲ್ಲಿ ಶಿಕ್ಷಕರ ತರಬೇತಿಯೊಂದರಲ್ಲಿ ಅನುಭವಿ ಎಂದು ನನ್ನನ್ನು ಮಾತಿಗೆ ನಿಲ್ಲಿಸಿದರು. "ಅಂಥ ಗಡಿಬಿಡಿಯಲ್ಲೂ ನಾವು ಗಂಗವ್ವನನ್ನು ಮರೆಯಲಿಲ್ಲ" ಎಂದೆ. ಚಪ್ಪಾಳೆ ಬಂತು. ಆ 'ನಾವು' ಯಾರೆಂದು ಯಾರೂ ಕೇಳಲಿಲ್ಲ. ನಾನೂ ಬಿಡಿಸಿ ಹೇಳಲಿಲ್ಲ. ಸಂಜೆ ಮನೆಗೆ ಬಂದಾಗ ಅವ್ವ, "ಏನ್ ಹೇಳಿದ್ಯೋ ಅಲ್ಲಿ?" ಎಂದಳು.

"ಹೊಳಿ ಬಗ್ಗೆ" ಎಂದೆ.