ಡರ್ಬನ್ನಿನ ಕೂಷ್ಮಾಂಡ ವಿಜಯ

ಗಂಡಸರೆಲ್ಲ ತಟ್ಟೆಯ ಮುಂದೆ ಮಾತ್ರ ಪರಾಕ್ರಮ ತೋರುವ ಈ ಕಲಿಯುಗದಲ್ಲಿ, ಹಿಂದೂ ಮಹಾಸಾಗರದ ತರಂಗಗಳಿಂದ ಪಾದ ತೊಳೆಸಿಕೊಳ್ಳುವ ಡರ್ಬನ್ ಮಹಾನಗರದಲ್ಲಿ, ಧಾರವಾಡಕುಲತಿಲಕನೂ ವಿದ್ಯುದ್ದೀಪವಣಿಜನೂ ಸೌಟು ಹಿಡಿದರಿಯದ ಕೋಮಲಕರನೂ ಆದ ಚೆನ್ನವೀರಪ್ಪನೆಂಬ ವೀರನಿದ್ದನು. ವಾಗ್ದೇವಿಯೇ, ಅವನು ಕುಂಬಳಕಾಯಿಯನ್ನು ಗೆದ್ದ ಬಗೆಯನ್ನು ನನ್ನಿಂದ ನುಡಿಸು!

ಅವನೂ ಅವನ ಮಡದಿಯೂ ಈ ಪರದೇಶಕ್ಕೆ ಕಾಲಿಟ್ಟಂದಿನಿಂದ, ಪಕ್ಕದ ಮನೆಯ ಥಾಂಡೆಕಾ ಅಜ್ಜಿ ಪ್ರತಿ ಭಾನುವಾರ ದಾಲ್ಚಿನ್ನಿ ಹಾಕಿದ ಸಿಹಿಗುಂಬಳದ ಪಲ್ಯ ಕೊಟ್ಟು ಕಳಿಸುತ್ತಿದ್ದಳು. ಈಗ ಜಾರಿಬಿದ್ದು ಆಕೆಯ ಬಲಗೈ ಪ್ಲಾಸ್ಟರಿನಲ್ಲಿತ್ತು. ಈ ಭಾನುವಾರ ತಾನೇ ಮಾಡಿ ತರುವೆನೆಂದು ಚೆನ್ನವೀರಪ್ಪನು ಬೇಲಿಯಾಚೆಯಿಂದ ಶಪಥಗೈದನು.

ಭಸ್ಮವರ್ಣದ ವಜ್ರಕವಚವನ್ನು ತೊಟ್ಟ ಆ ನಾಡಿನ ಸಿಹಿಗುಂಬಳಕಾಯಿ ಅಡುಗೆಕಟ್ಟೆಯ ಮೇಲೆ ಕುಳಿತಿತ್ತು. ವೀರನು ಚೂರಿ ಇಳಿಸಿದನು, ಚೂರಿ ಸಿಕ್ಕಿಕೊಂಡಿತು. ಎಳೆದರೆ ಕಾಯಿಯೂ ಜೊತೆಗೆ ಎದ್ದುಬಂದು, ಗದೆಯೆತ್ತಿದ ಮಲ್ಲನಂತೆ ನಿಂತವನ ಕೈಜಾರಿ ನೆಲಕ್ಕೆ ಬಿದ್ದು ಇಬ್ಭಾಗವಾಯಿತು.

"ಸೀಳಿದೆ!" ಎಂದು ಗರ್ಜಿಸಿದನು.

"ಬಿತ್ತು ಅನ್ರಿ," ಎಂದಳು ಮಡದಿ ಮಹಾನಂದಾ.

ಹೋಳು, ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಪಾತ್ರೆ ಸೇರಿದವು. ಘಮಘಮ ಎದ್ದಿತು. ಅಷ್ಟರಲ್ಲಿ ಮಹಾನಂದಾ ಸಾಸಿವೆ ಡಬ್ಬಿ ಎತ್ತಿಕೊಂಡಳು. "ಒಗ್ಗರಣಿ ಇಲ್ದ ಇದೆಂಥಾ ಪಲ್ಯಾರೀ? ಎರಡು ಒಣಮೆಣಸಿನಕಾಯಿ ಆದ್ರೂ ಹಾಕ್ತೀನಿ."

ಆಗ ರೋಷಾರುಣನೇತ್ರನಾದ ಚೆನ್ನವೀರಪ್ಪನು ಒಲೆಗೆ ಬೆನ್ನುಮಾಡಿ, ಸೌಟನ್ನು ಅಡ್ಡ ಹಿಡಿದು ನಿಂತನು. "ನಿಲ್ಲು! ಇದು ಅಜ್ಜಿ ಅಡಿಗಿ. ಅಕಿ ಮಾಡಿದಂಗ ಆಗಬೇಕು. ನನ್ನ ಮೈಯಾಗ ಉಸಿರು ಇರೂತನಕ ಒಂದು ಸಾಸಿವಿ ಕಾಳೂ ಈ ಗಡಿ ದಾಟಂಗಿಲ್ಲ! ನಮ್ಮಪ್ಪನ ಆಣಿ! ನಮ್ಮಜ್ಜನ ಆಣಿ! ಅವರಪ್ಪನ…"

"ರೀ, ತಳಾ ಹತ್ತೇತಿ!"

ತಿರುಗಿದರೆ ಹೊಗೆ. ವೀರನ ಮುಖ ಬಾಡಿತು. ಮಹಾನಂದಾ ಡಬ್ಬಿಯನ್ನು ಕೆಳಗಿಟ್ಟು, ಸೀಯದೆ ಉಳಿದಷ್ಟನ್ನು ಮೆಲ್ಲಗೆ ಮೇಲಿಂದ ತೆಗೆದಳು. ಮಡಿಲು ತುಂಬುವಷ್ಟಿದ್ದ ಕಾಯಿ ಒಂದು ಬಟ್ಟಲು ಪಲ್ಯವಾಯಿತು.

ಪಕ್ಕದ ಮನೆಯಲ್ಲಿ ಅಜ್ಜಿ ಎಡಗೈಯಲ್ಲಿ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ನಿಧಾನವಾಗಿ ಚಪ್ಪರಿಸಿದಳು. ಚೆನ್ನವೀರಪ್ಪನ ಎದೆ ನಗಾರಿಯಾಯಿತು.

"ನನ್ನ ಗಂಡ ಮಾಡಿದಾಗಲೂ ಹೀಗೇ ಸೀದ ವಾಸನೆ ಬರುತ್ತಿತ್ತು," ಎಂದು ಕೊನೆಗೆ ನಕ್ಕಳು. "ಅವನೂ ನಿನ್ನಂತೆಯೇ ಒಲೆ ಮುಂದೆ ಕೂಗಾಡುತ್ತಿದ್ದ. ನಿನ್ನದು ನನಗೆ ಇಲ್ಲಿಗೇ ಕೇಳಿಸಿತು." ಕಣ್ಣೊರೆಸಿಕೊಂಡು, ಬಟ್ಟಲು ಬರಿದಾಗುವವರೆಗೂ ತಿಂದಳು.

ಇಂತು ಕೂಷ್ಮಾಂಡಮರ್ದನನೂ ವೃದ್ಧಾಮನೋಲ್ಲಾಸಕರನೂ ಆಗಿ ಮರಳಿದ ಆ ಮಹಾವೀರನು ಅಂಗಿಯ ತೋಳು ಮಡಚಿ ಸಿಂಕಿನ ಮುಂದೆ ನಿಂತು ಪಾತ್ರೆಯ ತಳ ಉಜ್ಜತೊಡಗಿದನು.

"ಅಂಚಿಗೂ ಕರಿ ಹತ್ತೇತಿ, ನೋಡ್ರಿ," ಎಂದಳು ಮಹಾನಂದಾ.