ಕರಗಿದ ಪಾಂಡವರು

"ಸಗಣಿ ಚಿಂತಿ ನನಗ ಬಿಡ್ರಿ!" ಎಂದು ಎದೆ ತಟ್ಟಿ ಹೇಳಿದವನು ನಾನೇ.

2015ರ ದೀಪಾವಳಿ. ಬಾಗಲಕೋಟೆಯಿಂದ ಮೊದಲ ಸಲ ಸಮುದ್ರ ದಾಟಿ ನಾವಿರುವ ಟೌರಂಗಾಕ್ಕೆ ಬಂದಿದ್ದ ಅತ್ತೆಗೆ, ಪಾಡ್ಯದ ದಿನ ಹೊಸ್ತಿಲ ಬಳಿ ಸಗಣಿ ಉಂಡೆಯ ಐವರು ಪಾಂಡವರನ್ನು ಕೂರಿಸದಿದ್ದರೆ ಅದು ಹಬ್ಬವೇ ಅಲ್ಲ. ಊರು ದಾಟಿದರೆ ದಾರಿಯುದ್ದಕ್ಕೂ ಆಕಳು. ಇಂಥ ದೇಶದಲ್ಲಿ ಸಗಣಿಗೆ ಬರವೇ? ಮದುವೆಯಾಗಿ ಒಂಬತ್ತು ವರ್ಷವಾದರೂ ಅತ್ತೆಯಿಂದ ಒಂದು ಶಹಬ್ಬಾಸ್ ಗಿಟ್ಟಿಸದ ಅಳಿಯನಿಗೆ ಇದೇ ಸುಸಂದರ್ಭ!

ಬಕೆಟ್ ಹಿಡಿದು ಪರಿಚಯದ ರೈತ ಬ್ರಯಾನ್‌ನ ಹೊಲಕ್ಕೆ ಹೋದೆ. ನೋಡಿದರೆ, ಹುಲ್ಲಿನ ಮೇಲೆ ಬಿದ್ದಿದ್ದು ಸಗಣಿಯಲ್ಲ, ಪಾಲಕ್ ಸಾರು!

"ಪಾಪ, ಇವಕ್ಕೆ ಹೊಟ್ಟೆ ಕೆಟ್ಟಿದೆಯೇ?" ಎಂದೆ.

ಬ್ರಯಾನ್ ನಕ್ಕ. ಭೂಮಿಯ ಈ ದಕ್ಷಿಣ ಭಾಗದಲ್ಲಿ ಋತುಗಳು ಉಲ್ಟಾ, ದೀಪಾವಳಿ ಬರುವುದು ವಸಂತದಲ್ಲಿ. ಎಳೆಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಹೊಟ್ಟೆಯಲ್ಲಿ ನಿಲ್ಲದೆ ಸರ್ರನೆ ಹೊರಬರುತ್ತದಂತೆ. ಒಣಹುಲ್ಲಾದರೆ ಆಕಳ ನಾಲ್ಕು ಹೊಟ್ಟೆಗಳಲ್ಲಿ ಮೊದಲನೆಯದರಲ್ಲಿ ಕೂತು ನೆನೆದು, ಮತ್ತೆ ಬಾಯಿಗೆ ಬಂದು ಮೆಲುಕಾಗಿ, ನಿಧಾನ ಅರಗುತ್ತದೆ. "ಅಲ್ಲಿ ನೋಡು" ಎಂದು ಕೊಟ್ಟಿಗೆಯತ್ತ ಕೈ ತೋರಿಸಿದ. ಕಾಲುನೋವಿನ ಎರಡು ಆಕಳು ಒಣಹುಲ್ಲು ತಿಂದು ನಿಂತಿದ್ದವು.

ನಾನು ಮರುಳಾಗಿಬಿಟ್ಟೆ. ಹುಲ್ಲು ಅರಗಿಸುವುದು ಆಕಳಲ್ಲವಂತೆ, ಅದರ ಹೊಟ್ಟೆಯೊಳಗಿನ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಂತೆ! ಕೊಟ್ಟಿಗೆಯ ಒಂದು ಆಕಳು ಪ್ರತಿ ತುತ್ತನ್ನೂ ಐವತ್ತು ಸಲ ಅಗಿದು ನುಂಗುತ್ತಿತ್ತು. ಮರುಕ್ಷಣ ಇನ್ನೊಂದು ಉಂಡೆ ಕತ್ತಿನಲ್ಲಿ ಮೇಲೇರುವುದು ಕಣ್ಣಿಗೇ ಕಾಣುತ್ತಿತ್ತು. ಒಂದು ಗಂಟೆ ಎಣಿಸುತ್ತ ನಿಂತೆ. ಆಮೇಲೆ ಬಕೆಟ್ ನೆನಪಾಗಿ, ಬಯಲಿನಲ್ಲಿ ಬಿದ್ದಿದ್ದನ್ನೇ ತುಂಬಿಕೊಂಡು ಬಂದೆ.

ಅತ್ತೆ ಬಕೆಟ್ಟಿಗೆ ಇಣುಕಿದರು. "ಅಳಿಯಾರ, ಇದನ್ನ ಸೌಟಿಲೆ ಬಡಸೂದೇನು?"

ನಾನು ಗೋಧಿಹಿಟ್ಟು ಸುರಿದೆ. ಡಬ್ಬಿ ಖಾಲಿಯಾಯಿತು. ಹೇಗೋ ಐವರನ್ನೂ ಕೂರಿಸಿ, ಹೂ ಸಿಕ್ಕಿಸಿ, ಮೆಲುಕಿನ ಮಹಿಮೆಯ ಮೇಲೆ ಉಪನ್ಯಾಸ ಆರಂಭಿಸಿದೆ. ಎರಡನೇ ಹೊಟ್ಟೆಗೆ ತಲುಪುವಷ್ಟರಲ್ಲಿ ಮಗಳು ಕಿರುಚಿದಳು: "ಅಪ್ಪಾ, ಭೀಮ ಈಸ್ ಮೂವಿಂಗ್!"

ಭೀಮ ನಕುಲನ ಮೇಲೆ ಒರಗಿದ. ನಕುಲ ಸಹದೇವನನ್ನು ಅಪ್ಪಿದ. ಐವರೂ ಒಂದಾಗಿ ಬಾಡಿಗೆ ಮನೆಯ ಕಾರ್ಪೆಟ್ಟಿನತ್ತ ವನವಾಸಕ್ಕೆ ಹೊರಟರು!

ಅತ್ತೆಯ ಕಣ್ಣಲ್ಲಿ ನೀರಾಡಿತು. ನನಗೆ ನಿಜವಾಗಿಯೂ ಸಂಕಟವಾಯಿತು.

"ಒಣಹುಲ್ಲು ತಿಂದಿದ್ರ ಗಟ್ಟಿ ಇರ್ತಿತ್ತು" ಎಂದು ಗೊಣಗಿದೆ.

"ಅಂಥಾ ಆಕಳ ಅಲ್ಲಿ ಒಂದೂ ಇದ್ದಿಲ್ಲೇನ್ರಿ?" ಹೆಂಡತಿ ಕೇಳಿದಳು.

"ಇದ್ದವು. ಎರಡು. ಒಂದು ತಾಸು ಅವುಗಳ ಮುಂದನ ನಿಂತಿದ್ದೆ."

ಬ್ರಯಾನ್ ಕೈ ತೋರಿಸಿದ್ದು ಯಾಕೆಂದು ನನಗೆ ಆಗ ಹೊಳೆಯಿತು!

ಅತ್ತೆ ಕಣ್ಣೊರೆಸಿಕೊಂಡರು. "ಮುಂದ ನಿಂತು ಬಾಯಿ ನೋಡಿದ್ರ ಏನ್ ಸಿಗ್ತದ, ಅಳಿಯಾರ? ಒಂದೀಟು ಹಿಂದ ಹೋಗಬೇಕಿತ್ತು."

ಒಂಬತ್ತು ವರ್ಷದಲ್ಲಿ ಅತ್ತೆ ಮೊದಲ ಸಲ ನನ್ನೆದುರು ಮನಸಾರೆ ನಕ್ಕರು. ಶಹಬ್ಬಾಸ್ ಮಾತ್ರ ಇನ್ನೂ ಬಂದಿಲ್ಲ.