ಕೊರಳಪಟ್ಟಿಯ ಬಳ್ಳಿ

ನಕ್ಷೆಗಾರರಿಗೆ ಅಂದು ಬೆಳಗ್ಗೆಯೇ ತಲೆ ಕೆಟ್ಟಿತ್ತು. ಭೂಮಾಪನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಗೆರೆ ಎಳೆದೂ ಎಳೆದೂ ಅಂದು ನಿವೃತ್ತರಾಗುವವರಿದ್ದರು, ಮಧ್ಯಾಹ್ನ ಬೀಳ್ಕೊಡುಗೆ. ಅಂಥ ದಿನ ಹೆಂಡತಿ ಹಾಸಿಗೆಯ ಮೇಲೆ ಒಂದು ಕೋಟು ಹರಡಿಟ್ಟಿದ್ದಳು. ಗಲ್ಲದವರೆಗೆ ಗುಂಡಿಯಿರುವ ಕಡುನೀಲಿ ಕೋಟು. ಅಷ್ಟೇ ಆಗಿದ್ದರೆ ಕ್ಷಮಿಸಬಹುದಿತ್ತು. ಅದರ ಕೊರಳಪಟ್ಟಿಯ ಸುತ್ತ ಬೆಳ್ಳಿಬಣ್ಣದ ರೇಷ್ಮೆದಾರದಲ್ಲಿ ಒಂದು ಬಳ್ಳಿ ಹಬ್ಬಿತ್ತು. ಬಳ್ಳಿಗೆ ಎಲೆ, ಎಲೆಯ ಸಂದಿಗೊಂದು ಮೊಗ್ಗು.

“ಏನಿದು?”

“ಕೋಟು. ಕಸೂತಿ ನಾನೇ ಹಾಕಿದ್ದು. ಮೂರು ತಿಂಗಳು ಹಿಡೀತು.”

“ನಾನೇನು ಬ್ಯಾಂಡ್‌ಸೆಟ್ಟಿನವನಾ?”

ಉಡುಪಿನ ವಿಷಯದಲ್ಲಿ ನಕ್ಷೆಗಾರರದೊಂದು ಸಿದ್ಧಾಂತವಿತ್ತು. ನಕ್ಷೆಯಲ್ಲಿ ಬೇಡದ ಗೆರೆ ಇರಬಾರದು, ಮೈಮೇಲೆ ಬೇಡದ ನೂಲು ಇರಬಾರದು. ಬಿಳಿ ಅಂಗಿ, ಬೂದು ಪ್ಯಾಂಟು. ಉಂಗುರವಿಲ್ಲ, ಟೈ ಇಲ್ಲ, ಜೇಬಿನಿಂದ ಇಣುಕುವ ಕರವಸ್ತ್ರವಿಲ್ಲ. ಕಚೇರಿಯವರು ಬೆನ್ನ ಹಿಂದೆ ‘ಕೊಕ್ಕರೆ’ ಎನ್ನುತ್ತಿದ್ದರು. ಅದು ತಮ್ಮ ನಿಲುವಿಗೆ (ಕಾಲಿನದಲ್ಲ, ತತ್ತ್ವದ ನಿಲುವಿಗೆ) ಸಂದ ಬಿರುದೆಂದೇ ಅವರು ತಿಳಿದಿದ್ದರು.

ಈ ಸರಳತೆ ಅಷ್ಟೇನೂ ಸರಳವಾಗಿರಲಿಲ್ಲ. ಅಂಗಿಗೆ ನೀಲಿ ಒಂದು ತೊಟ್ಟು ಹೆಚ್ಚಾಗಬಾರದು, ಗಂಜಿ ಕೊರಳಿಗೆ ಗಟ್ಟಿ, ತೋಳಿಗೆ ತೆಳು, ಮಡಿಕೆ ಅಡಿಪಟ್ಟಿ ಇಟ್ಟು ಎಳೆದಂತಿರಬೇಕು. ಗಂಡನ ಸರಳತೆಯ ಸರಳುಗಳ ಹಿಂದೆ ಹೆಂಡತಿ ಮೂವತ್ತೊಂದು ವರ್ಷ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಳು.

“ನೋಡೇ, ಒಳಗೆ ಏನೂ ಇಲ್ಲದವರಿಗೆ ಅಲಂಕಾರ ಒಂದು ಊರುಗೋಲು,” ಎಂದು ನಕ್ಷೆಗಾರರು ಉಪದೇಶಕ್ಕಿಳಿದರು. “ಚೆನ್ನಾಗಿ ಉಟ್ಟವನು ಏನು ಉಟ್ಟಿದ್ದಾನೆ ಅಂತಲೇ ಯಾರಿಗೂ ತಿಳೀಬಾರದು.”

“ನೀವು ಇದ್ದೀರೋ ಇಲ್ವೋ ಅಂತಲೇ ಯಾರಿಗೂ ತಿಳೀಲಿಲ್ಲ ಬಿಡಿ. ಒಂದು ದಿನಕ್ಕೆ ಹಾಕ್ಕೊಳ್ಳಿ ಅಂದೆ, ಬೇಡ ಅಂದ್ರೆ ಬೇಡ. ಅಂಗಿ ಅಲ್ಲಿದೆ, ಇಸ್ತ್ರಿಪೆಟ್ಟಿಗೆ ಇಲ್ಲಿದೆ. ಸರಳವಾದ ಕೆಲಸ, ನೀವೇ ಮಾಡ್ಕೊಳ್ಳಿ.”

ಇಷ್ಟು ಹೇಳಿ ಆಕೆ ತಲೆ ಬಾಚಿಕೊಳ್ಳಲು ಹೋದಳು.

ನಕ್ಷೆಗಾರರು ಒಂದು ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಇನ್ನೊಂದರಲ್ಲಿ ಭಾಷಣದ ಹಾಳೆ ಹಿಡಿದರು. ಭಾಷಣದ ವಿಷಯ ‘ಸರಳತೆಯೇ ಸೊಬಗು’. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ವಾಸನೆ ಬಂತು. ಅಂಗಿಯ ಎದೆಯ ಮೇಲೆ ದೋಣಿಯಾಕಾರದ ಕಂದು ಗುರುತು. ಉಳಿದ ಐದು ಅಂಗಿಗಳು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಸುಟ್ಟ ಎದೆಯನ್ನು ಮುಚ್ಚಿಕೊಳ್ಳಲು ಮನೆಯಲ್ಲಿದ್ದದ್ದು ಅದೊಂದೇ ಕೋಟು. ಹಲ್ಲು ಕಚ್ಚಿಕೊಂಡು ಗುಂಡಿಗಳನ್ನು ಗಲ್ಲದವರೆಗೂ ಹಾಕಿಕೊಂಡರು. ಹೆಂಡತಿ ನೋಡಿದಳು. ಕೊರಳಪಟ್ಟಿಯ ಮಡಿಕೆಯನ್ನು ಬೆರಳಲ್ಲಿ ಸರಿಪಡಿಸಿದಳು.

ಕಚೇರಿಯ ಮೆಟ್ಟಿಲಲ್ಲೇ ಟೈಪಿಸ್ಟ್ ಹೆಂಗಸು ತಡೆದು ನಿಲ್ಲಿಸಿ, “ಸರ್, ನೀವೇನಾ? ಇಷ್ಟು ಎತ್ತರ ಇದೀರಾ ಅಂತ ಗೊತ್ತೇ ಇರಲಿಲ್ಲ,” ಎಂದಳು. ಲೆಕ್ಕ ವಿಭಾಗದವರು ಗುಂಪುಗೂಡಿ ಬಳ್ಳಿಯನ್ನು ಮುಟ್ಟಿ ನೋಡಿದರು. ನಕ್ಷೆಗಾರರಿಗೆ ಮೊದಲು ಮೈ ಉರಿಯಿತು. ಆಮೇಲೆ, ಹೇಳಲು ನಾಚಿಕೆ, ಒಂದಿಷ್ಟು ಹಿತವಾಯಿತು. ಮೂವತ್ತೊಂದು ವರ್ಷದಲ್ಲಿ ಅವರನ್ನು ಯಾರೂ ತಿರುಗಿ ನೋಡಿರಲಿಲ್ಲ.

ಮುಖ್ಯಾಧಿಕಾರಿಗಳು ಎದ್ದು ನಿಂತು ಮಾತಾಡಿದರು. “ಒಂದು ನಿಜ ಹೇಳಿಬಿಡ್ತೀನಿ. ಇವರನ್ನ ದಿನಾ ಅದೇ ಅಂಗೀಲಿ ನೋಡಿ, ಪಾಪ, ಮನೆಯಲ್ಲಿ ಕೇಳೋರಿಲ್ಲ, ಯಜಮಾನ್ತಿ ಬಹಳ ಬಿಗಿ ಅಂತ ನಾವೆಲ್ಲ ಮಾತಾಡ್ಕೋತಿದ್ವಿ. ಇವತ್ತು ಆ ಅನುಮಾನ ಹೋಯ್ತು.”

ಸಭೆ ನಕ್ಕಿತು. ಮುಂದಿನ ಸಾಲಿನಲ್ಲಿದ್ದ ಹೆಂಡತಿ ತನ್ನ ಬೆರಳುಗಳನ್ನು ನೋಡಿಕೊಂಡಳು. ತುದಿಗಳಲ್ಲಿ ಸೂಜಿ ಚುಚ್ಚಿದ ಚುಕ್ಕೆಗಳಿದ್ದವು.

ನಕ್ಷೆಗಾರರ ಸರದಿ ಬಂತು. ಜೇಬಿನಲ್ಲಿ ಭಾಷಣವಿತ್ತು. ಹೆಂಡತಿಯ ತಪ್ಪೇನೂ ಇಲ್ಲ, ಹಟವೆಲ್ಲ ನನ್ನದೇ ಎಂದು ಒಂದು ವಾಕ್ಯ ಹೇಳಿದ್ದರೂ ಸಾಕಿತ್ತು. ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಯಾರೋ, “ಕೋಟಿನ ಡಿಸೈನ್ ಯಾರದು ಸಾರ್?” ಎಂದು ಕೂಗಿದರು.

“ನಂದೇ,” ಎಂದುಬಿಟ್ಟರು ನಕ್ಷೆಗಾರರು. “ನಕ್ಷೆಗಾರ ಅಲ್ವೇ ನಾನು? ಬಳ್ಳಿ ನಾನೇ ಬರೆದು ಹೊಲಿಸಿದೆ. ಸಣ್ಣ ಅಲಂಕಾರ ಇಲ್ಲದ ಸೊಬಗು ಸೊಬಗೇ ಅಲ್ಲ.”

ಚಪ್ಪಾಳೆ ಬಿತ್ತು. ಹೆಂಡತಿಯೂ ತಟ್ಟಿದಳು. ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು ಸಲ ತಟ್ಟಿದಳು.

ಮನೆ ಸೇರಿ ನಕ್ಷೆಗಾರರು ಕನ್ನಡಿಯ ಮುಂದೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಕೊಂಡರು. “ಇಲ್ಲಿ ಕೊಡಿ,” ಎಂದು ಹೆಂಡತಿ ಕೋಟು ಬಿಚ್ಚಿಸಿಕೊಂಡಳು. ಮಡಿಸಿಡುತ್ತಾಳೆಂದುಕೊಂಡರು. ಆಕೆ ಕಿಟಕಿಯ ಬಳಿ ಕೂತು, ಸಣ್ಣ ಕತ್ತರಿ ತೆಗೆದು, ಮೊದಲ ಎಲೆಯ ಹೊಲಿಗೆ ಬಿಚ್ಚತೊಡಗಿದಳು.

“ಏ, ಏನ್ ಮಾಡ್ತಿದೀಯ?”

“ನಕ್ಷೆ ನಿಮ್ಮದು ಅಂದ್ರಲ್ಲ, ಅದು ನಿಮ್ಮ ಹತ್ರಾನೇ ಇರಲಿ. ದಾರ ನಂದು, ನಾನು ತಗೋತೀನಿ.”

“ನಾಳೆ ಹಾಕ್ಕೋಬೇಕು ಅಂತಿದ್ದೆ ಕಣೇ.”

“ನಾಳೆ ಎಲ್ಲಿಗೆ?” ಎಂದಳು ಆಕೆ, ಕತ್ತರಿಯಿಂದ ಕಣ್ಣೆತ್ತದೆ. “ನಾಳೆಯಿಂದ ನಿಮ್ಮನ್ನ ನೋಡೋಳು ನಾನೊಬ್ಳೇ. ಬನಿಯನ್ ಸಾಕು.”